ರಿಕ್ತ ಪದ

ನಮ್ಮ ಅಕ್ಕಲಕೋಟದ ಕಾಲೇಜಿನಲ್ಲಿ ಒಂದು ತಾಸೆಂದರೆ
ನಲವತ್ತೆಂಟು ನಿಮಿಷ.
ಗೋಡೆಯ ಗಡಿಯಾರ ಒಪ್ಪುವುದಿಲ್ಲ, ಖಜಾನೆ ಒಪ್ಪುತ್ತದೆ.
ಕಲಿಸಿದ ತಾಸಿಗೆ ಮಾತ್ರ ದುಡ್ಡು. ದೀಪಾವಳಿಗೆ ಇಲ್ಲ, ಪರೀಕ್ಷೆಗೆ ಇಲ್ಲ,
ಅವ್ವ ತೀರಿಕೊಂಡಾಗಿನ ಒಂಬತ್ತು ದಿನಕ್ಕೂ ಇಲ್ಲ.
ಜೂನಿನ ಮಾನಧನ ಫೆಬ್ರುವರಿಗೆ ಬರುತ್ತದೆ.
ಅಷ್ಟರಲ್ಲಿ ಮಾನ ಖರ್ಚಾಗಿರುತ್ತದೆ,
ಧನ ಕಿರಾಣಿಯವನದು.

ಹನ್ನೊಂದು ವರ್ಷದ ಹಿಂದೆ ಕಲಶೆಟ್ಟಿ ಸರ್ ನಿವೃತ್ತರಾದರು.
ಅವರ ಕುರ್ಚಿ ಇನ್ನೂ ಇದೆ, ಬೆತ್ತ ಹರಿದು, ನಡುವೆ ತೂತಾಗಿ.
ನಾನು ಕೂಡುವುದಿಲ್ಲ.
ಕೂತರೆ ಯಾರೂ ಬೇಡವೆನ್ನರು,
ಆದರೆ ಮುಂಬಯಿಯ ಕಡತದಲ್ಲಿ ಅದು 'ರಿಕ್ತ ಪದ'.
ಮರಾಠಿಯಲ್ಲಿ ಪದವೆಂದರೆ ಹುದ್ದೆ.
ನಮ್ಮಲ್ಲಿ ಪದವೆಂದರೆ ಮಾತು,
ಏಕತಾರಿ ಹಿಡಿದು ಬೆಳತನಕ ಹಾಡುವಂಥದ್ದು.
ಹನ್ನೊಂದು ವರ್ಷದಿಂದ ಒಂದು ಖಾಲಿ ಪದವನ್ನು
ಗಂಟಲಲ್ಲಿಟ್ಟುಕೊಂಡು ಪಾಠ ಹೇಳುತ್ತಿದ್ದೇನೆ.

ಮೊದಲ ಸಲ ಇಂಟರ್ವ್ಯೂಗೆ ಸೊಲ್ಲಾಪುರಕ್ಕೆ ಹೋದಾಗ
ಸಾಹೇಬರು ಅಂದರು: ಆಕೃತಿಬಂಧ ಮಂಜೂರಾಗಿಲ್ಲ ಬಾಯಿ.
ಆಕೃತಿಬಂಧ! ಯಾವುದೋ ಛಂದಸ್ಸೆಂದುಕೊಂಡೆ,
ರಗಳೆ ಷಟ್ಪದಿಗಳ ಪೈಕಿ ನಾನು ಓದದೆ ಬಿಟ್ಟದ್ದು.
ಎಸ್ಟಿ ಬಸ್ಸು ವಳಸಂಗ ದಾಟುವವರೆಗೂ ಮಾತ್ರೆ ಎಣಿಸಿದೆ.
ಎಷ್ಟು ಹುಡುಗರಿಗೆ ಎಷ್ಟು ಮಾಸ್ತರರು ಎಂಬ ತಖ್ತೆ ಅದು.
ಅದರಲ್ಲಿ ಗಣವಿಲ್ಲ, ಪ್ರಾಸವಿಲ್ಲ,
ಯತಿ ಮಾತ್ರ ಇದೆ.

ಈ ಸಲ ಜೂನಿನಲ್ಲಿ ಹೊಸ ಜೀಆರ್ ಬಂತು:
ಇಪ್ಪತ್ತಕ್ಕೆ ಒಂದು ತಲೆ ಕಡಿಮೆಯಾದರೂ ವಿಷಯ ಮುಚ್ಚತಕ್ಕದ್ದು.
ಎಣಿಸಿದೆವು.
ದುಧನಿಯಿಂದ ಐವರು, ಮೈಂದರ್ಗಿಯಿಂದ ಆರು,
ನಾಗಣಸೂರಿನ ರೇವಮ್ಮ ಕೋಳಿ, ಅವಳ ತಂಗಿ,
ತಡವಳದ ನಾಲ್ವರು, ಕರಜಗಿಯ ಇಬ್ಬರು
(ಅವರಲ್ಲೊಬ್ಬ, ಫ್ರೀಶಿಪ್ ಬಂದರೆ ಮಾತ್ರ).
ಹತ್ತೊಂಬತ್ತು.
ಪ್ರಾಚಾರ್ಯ ಇನಾಮದಾರರು ಕನ್ನಡಕ ತೆಗೆದು ಒರೆಸಿದರು.
ಒರೆಸಿದ ಮೇಲೂ ಹತ್ತೊಂಬತ್ತೇ.

ಗಡಿಯಾಚೆಯ ಬೆಂಗಳೂರಿಗೂ ಪತ್ರ ಬರೆದಿದ್ದೆವು.
ಅಲ್ಲಿಂದ ಎರಡು ಡಬ್ಬಿ ನಿಘಂಟು ಬಂತು, ಒಂದು ಶಾಲು.

ಆಗ ಗೈಬೂಸಾಬ, ಘಂಟೆ ಬಾರಿಸುವವನು,
ಚಹಾದ ತಾಟು ಟೇಬಲ್ಲಿನ ಮೇಲಿಟ್ಟು ಅಂದ:
"ನಂದು ಬಾರಾವಿ ಆಗೇದ್ರಿ ಸರ್, ತೊಂಬತ್ತೊಂದರಾಗ.
ಮೂವತ್ತಾರು ಟಕ್ಕೆ. ನಡೀತದೇನು?"

ನಡೆಯಿತು.
ಫೀ ನಾನು ತುಂಬಿದೆ, ಹದಿನಾಲ್ಕು ತಾಸಿನ ದುಡ್ಡು,
ಇನ್ನೂ ಬಾರದ ಹದಿನಾಲ್ಕು ತಾಸು.

ಈಗ ಅವನು ಘಂಟೆ ಹೊಡೆದು ಓಡಿಬಂದು
ಕೊನೆಯ ಬೆಂಚಿನಲ್ಲಿ ಏದುಸಿರು ಬಿಡುತ್ತ ಕೂಡುತ್ತಾನೆ.
ಹೆಸರು ಕೂಗಿದರೆ ಎದ್ದು ನಿಂತು "ಅದೀನ್ರಿ" ಅನ್ನುತ್ತಾನೆ.
ಹುಡುಗಿಯರು ನಗುತ್ತಾರೆ, ಅವನೂ.
ನಲವತ್ತೇಳನೆಯ ನಿಮಿಷಕ್ಕೆ ಬಗ್ಗಿಕೊಂಡು ಹೊರಗೆ ಹೋಗುತ್ತಾನೆ,
ನನ್ನನ್ನು ಮುಗಿಸಲು.

ಸೆಪ್ಟೆಂಬರಿನಲ್ಲಿ ಒಂದು ದಿನ
ಷಟ್ಪದಿಯೊಂದರ ಅರ್ಧದಲ್ಲಿದ್ದೆ.
ನಿಮಿಷ ಐವತ್ತು. ಐವತ್ತೈದು.
ಬಾಗಿಲಲ್ಲಿ ಭೂಗೋಲದ ಸರ್ ಕೈಗಡಿಯಾರ ತೋರಿಸುತ್ತಿದ್ದಾರೆ.
ಗೈಬೂಸಾಬ ಕದಲಲಿಲ್ಲ.
ಗದ್ದಕ್ಕೆ ಕೈ ಕೊಟ್ಟು, ಬಾಯಿ ಸ್ವಲ್ಪ ತೆರೆದು,
ಆರನೆಯ ಸಾಲಿಗೆ ಕಾಯುತ್ತಿದ್ದ.
ಇಡೀ ಕಾಲೇಜು ಅಂದು ನನ್ನ ತಾಸಿನಲ್ಲಿ ನಿಂತಿತ್ತು,
ತಾಸು ಅರವತ್ತು ನಿಮಿಷ ತುಂಬಿತ್ತು.

ಆ ಹೆಚ್ಚಿನ ಹನ್ನೆರಡಕ್ಕೆ ಬಿಲ್ಲಿನಲ್ಲಿ ಕಾಲಮ್ಮಿಲ್ಲ.

ಡಿಸೆಂಬರಿಗೆ ತಪಾಸಣೆಯವರು ಬರುತ್ತಾರಂತೆ, ತಲೆ ಎಣಿಸಲು.
ಪಗಾರದ ಪಟ್ಟಿಯಲ್ಲೂ ಅದೇ ಹೆಸರು, ಹಾಜರಿಯಲ್ಲೂ ಅದೇ.
ಇನಾಮದಾರರಿಗೆ ನಿದ್ದೆಯಿಲ್ಲ.
ಗೈಬೂಸಾಬನಿಗೆ ಬೇರೆ ಚಿಂತೆ:
ಸರ್ ಕುರ್ಚಿಯನ್ನು ಮನೆಗೆ ಹೊತ್ತು ಒಯ್ದು
ಹಸಿರು ನೈಲಾನು ಹೆಣೆದು ತಂದಿದ್ದಾನೆ.
"ಕುಂದರ್ರಿ ಬಾಯಾರ. ನಾಳೆ ಸಂಧಿ ಅದ.
ನಿಂತು ಹೇಳಿದರ ನಮಗ ತಿಳಿಯಾಂಗಿಲ್ಲ."

ಕೂತಿಲ್ಲ ಇನ್ನೂ.
ಸದ್ಯಕ್ಕೆ ಅದರ ಮೇಲೆ
ಹಾಜರಿ ಪುಸ್ತಕ ಇಟ್ಟಿದ್ದೇನೆ.